ನಾನು ತಡೆದ ಮೂರು ಮೇಲ್‌ಗಳು

ಕಳೆದ ವಾರ ಮೈಸೂರಿನ ನಮ್ಮ ಆಫೀಸಿಗೆ ಹೊಸ ಕಂಪ್ಯೂಟರುಗಳು ಬಂದವು. ಗಾಡಿಯಿಂದ ಇಳಿಸುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿದುಕೊಂಡು ಡಬ್ಬಗಳೆಲ್ಲ ನೆನೆದವು. ಅವನ್ನು ನನ್ನ ಮೇಜಿನ ಪಕ್ಕದಲ್ಲೇ ಒಂದರ ಮೇಲೊಂದು ಪೇರಿಸಿದರು. ಸ್ವಲ್ಪ ಹೊತ್ತಿಗೆ ಆ ವಾಸನೆ ಎದ್ದಿತು. ಹಸಿ ರಟ್ಟಿನ ವಾಸನೆ, ಅದರೊಳಗೆ ಹುಳಿತ ಗಂಜಿಯಂಥ ಗೋಂದಿನ ವಾಸನೆ. ನಾನು ಎದ್ದು ವರಾಂಡಕ್ಕೆ ಹೋಗಿ ನಿಂತುಬಿಟ್ಟೆ. ಜೊತೆಯ ಹುಡುಗಿ ಬಂದು, "ಅಲರ್ಜಿನಾ ಮೇಡಂ?" ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ. ಅವಳಿಗೆ ತಾಂಡ್ಯದ ಕಥೆಯನ್ನೆಲ್ಲ ಎಲ್ಲಿಂದ ಶುರುಮಾಡಿ ಹೇಳುವುದು?

ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಡಬ್ಬ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಐದು ವರ್ಷ ಇದ್ದೆ. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಐದು ವರ್ಷದಲ್ಲಿ ನಾಲ್ಕು ವರ್ಷದ ನೆನಪೇ ಇಲ್ಲ ಎನ್ನುವಷ್ಟು ಮಾಸಿಹೋಗಿದೆ. ಒಂದು ವರ್ಷ ಮಾತ್ರ ಮುಂಗಾರಿನಿಂದ ಮುಂಗಾರಿನವರೆಗೆ ದಿನದಿನವೂ ನೆನಪಿದೆ.

ನನ್ನ ಮನೆ ಟಿ. ನರಸೀಪುರದಲ್ಲಿತ್ತು. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು, ಬಸ್ ಸ್ಟ್ಯಾಂಡಿನ ಪಕ್ಕದ ಸಾಲು ಅಂಗಡಿಗಳ ಮುಂದೆ ಹಾದು, ನಂಜನಗೂಡಿನ ಬಸ್ಸು ಹಿಡಿದು, ಅಲ್ಲಿಳಿದು ಇನ್ನೊಂದು ಬಸ್ಸಿನಲ್ಲಿ ತಾಂಡ್ಯಕ್ಕೆ ಹೋಗುತ್ತಿದ್ದೆ. ಆ ಸಾಲಿನಲ್ಲಿ ಒಂದು ಚಿಕ್ಕ ಲ್ಯಾಬ್ ಇತ್ತು. ರಕ್ತ ಪರೀಕ್ಷೆ, ಎಕ್ಸ್‌ರೇ ಎಂದು ಬೋರ್ಡು. ಅದನ್ನು ನಡೆಸುತ್ತಿದ್ದ ರುಕ್ಸಾನಾ ಎಂಬ ಹೆಂಗಸು ನಾನು ಹೋಗುವ ಹೊತ್ತಿಗೆ ಬಾಗಿಲ ಮುಂದೆ ನೀರು ಚಿಮುಕಿಸುತ್ತಿರುತ್ತಿದ್ದರು. ಮುಖ ಪರಿಚಯ ಅಷ್ಟೇ, ಒಂದು ದಿನವೂ ಮಾತಾಡಿದ್ದಿಲ್ಲ.

ಕಾರ್ಖಾನೆಗೆ ಬರುತ್ತಿದ್ದ ಆರ್ಡರುಗಳೆಲ್ಲ ಮೇಲ್‌ನಲ್ಲೇ. ಯಾವ ಅಳತೆಯ ಡಬ್ಬ, ಎಷ್ಟು, ಎಂದು ಬೇಕು, ಎಲ್ಲ. ಆ ಮೇಲ್‌ಗಳನ್ನು ತೆಗೆದುಕೊಂಡು ಹಂಚುವ ಸರ್ವರ್ ಕಂಪ್ಯೂಟರ್ ಗೋದಾಮಿನ ಹಿಂದಿನ ಒಂದು ಕೋಣೆಯಲ್ಲಿತ್ತು. ಅದೇ ನನ್ನ ಕೋಣೆಯೂ ಹೌದು. ಮೇಲೆ ಕಲ್ನಾರಿನ ಶೀಟು. ಆ ವರ್ಷ ಮಳೆ ಬೇಗ ಬಂತು. ಮೊದಲ ಜೋರು ಮಳೆಗೇ ಶೀಟಿನ ಬಿರುಕಿನಿಂದ ನೀರು ತೊಟ್ಟಿಕ್ಕತೊಡಗಿತು. ನಾನು ಪ್ಲಾಸ್ಟಿಕ್ ಹಾಳೆ ಹುಡುಕುತ್ತ ಓಡಾಡುತ್ತಿದ್ದಾಗ ಎದುರಿಗೆ ಸಿಕ್ಕವನು ಸಿದ್ದರಾಜು.

ಸಿದ್ದರಾಜು ಡಬ್ಬಗಳಿಗೆ ಪಿನ್ ಹೊಡೆಯುವ ಮಿಷನ್ನಿನಲ್ಲಿ ಕೆಲಸ ಮಾಡುತ್ತಿದ್ದ. ಚಿಕ್ಕಯ್ಯನಛತ್ರದ ಕಡೆಯ ಹಳ್ಳಿಯವನು, ನಲವತ್ತು ದಾಟಿದವನು, ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವನು. ಸೈಕಲ್ಲಿನಲ್ಲಿ ಬರುತ್ತಿದ್ದ. ಅವನು ಕೋಣೆಗೆ ಬಂದು ಸೂರು ನೋಡಿದ, ಸರ್ವರ್ ನೋಡಿದ.

"ಇದು ನೆಂದೋದ್ರೆ ಏನಾಯ್ತದೆ ಮೇಡಂ?"

"ಆರ್ಡರ್ ಬರಲ್ಲ ಸಿದ್ದರಾಜು. ಆರ್ಡರ್ ಬರದಿದ್ರೆ ನಿಮಗೂ ಕೆಲಸ ಇಲ್ಲ, ನನಗೂ ಇಲ್ಲ."

"ಅಂಗಾರೆ ಇದ್ಕೊಂದು ಮನೆ ಕಟ್ಬುಡಾವ ತಗಳಿ" ಎಂದು ಹೋದವನು, ಊಟದ ಬಿಡುವಿನಲ್ಲಿ ಮೇಣ ಹಿಡಿಸಿದ ದಪ್ಪ ರಟ್ಟು ತಂದು, ಅಳತೆ ತೆಗೆದು, ಗಾಳಿಯಾಡಲು ಎರಡೂ ಕಡೆ ಕಿಂಡಿ ಬಿಟ್ಟು, ಇಳಿಜಾರು ಸೂರಿನ ಒಂದು ಗೂಡನ್ನು ಮಾಡಿ ಸರ್ವರ್ ಮೇಲೆ ಕೂರಿಸಿದ. ಆ ಮಳೆಗಾಲವಿಡೀ ಅದರ ಮೇಲೆ ನೀರು ತೊಟ್ಟಿಕ್ಕಿ ಪಕ್ಕದ ಬಕೆಟ್ಟಿಗೆ ಬೀಳುತ್ತಿತ್ತು. ಆಮೇಲೆ ದಿನಕ್ಕೊಂದು ಸಲವಾದರೂ ಬಂದು "ಎಂಗದೆ ನಮ್ ಮನೆ?" ಎಂದು ಇಣುಕಿ ಹೋಗುತ್ತಿದ್ದ.

ಕಸದ ಮೇಲ್‌ಗಳ ಕಾಟ ಶುರುವಾದದ್ದು ಅದೇ ತಿಂಗಳು. ಸ್ಪ್ಯಾಮ್ ಹಿಂದೆಯೂ ಬರುತ್ತಿತ್ತು, ದಿನಕ್ಕೆ ಹತ್ತಿಪ್ಪತ್ತು. ಈಗ ನೂರು, ಸಾವಿರ. ಲಾಟರಿ ಬಂದಿದೆ, ಸಾಲ ಕೊಡುತ್ತೇವೆ, ಬ್ಯಾಂಕ್ ಖಾತೆ ಮುಚ್ಚುತ್ತದೆ, ಬಿಲ್ ಲಗತ್ತಿಸಿದೆ. ಆರ್ಡರ್ ಮೇಲ್‌ಗಳನ್ನು ಅವುಗಳ ನಡುವೆ, ಅಕ್ಕಿಯಲ್ಲಿ ಕಲ್ಲು ಆರಿಸುವುದರ ಬದಲು ಕಲ್ಲಿನಲ್ಲಿ ಅಕ್ಕಿ ಆರಿಸಿದಂತೆ ಹುಡುಕಬೇಕಾಯಿತು. ಎರಡು ಆರ್ಡರ್ ತಪ್ಪಿಹೋದವು.

ಖರೀದಿ ವಿಭಾಗದಲ್ಲಿ ಶಿವಬಸಪ್ಪನವರಿದ್ದರು. ನಂಜನಗೂಡಿನವರು, ಹಣೆ ತುಂಬ ವಿಭೂತಿ, ನಿವೃತ್ತಿಗೆ ಎರಡು ವರ್ಷ ಬಾಕಿ. ಕಾಗದದ ರೀಮು ಕೈಯಲ್ಲಿ ಹಿಡಿದೇ ತೂಕ ಹೇಳುವಂಥ ಮನುಷ್ಯ. ಒಂದು ಬೆಳಿಗ್ಗೆ 'ಬಿಲ್ ಲಗತ್ತಿಸಿದೆ' ಎಂಬ ಮೇಲ್ ತೆರೆದರು. ಅದು ಬಿಲ್ ಆಗಿರಲಿಲ್ಲ. ಹತ್ತು ನಿಮಿಷದಲ್ಲಿ ಅವರ ಕಂಪ್ಯೂಟರಿನ ಕಡತಗಳೆಲ್ಲ ಬೀಗ ಬಿದ್ದು ತೆರೆಯದಂತಾದವು. ಮ್ಯಾನೇಜರ್ ಎಲ್ಲರ ಎದುರಿಗೆ, "ಹೆಬ್ಬೆಟ್ಟಿನೋರ್ನ ತಂದು ಕಂಪ್ಯೂಟರ್ ಮುಂದೆ ಕೂರಿಸಿದ್ದು ನನ್ನ ತಪ್ಪು" ಎಂದರು. ಆ ಮಧ್ಯಾಹ್ನವೇ ಶಿವಬಸಪ್ಪನವರನ್ನು ಗೇಟಿಗೆ ಹಾಕಿದರು. ಬಂದು ಹೋಗುವ ಗಾಡಿಗಳ ನಂಬರ್ ಬರೆಯುವುದು, ಗೇಟಿನ ಫೋನ್ ಎತ್ತುವುದು. ಕಂಪ್ಯೂಟರ್ ಮುಟ್ಟಬಾರದು, ಏನಿದ್ದರೂ ಮೇಲ್ ಮಾಡಿ ಎಂದು ಹೇಳಬೇಕು.

ಸಂಜೆ ಬಸ್ಸಿಗೆ ಹೊರಟಾಗ ಅವರು ಗೇಟಿನ ಚಿಕ್ಕ ಕೋಣೆಯಲ್ಲಿ ಕೊಡೆ ಮಡಚಿಟ್ಟುಕೊಂಡು ಕುಳಿತಿದ್ದರು. "ನಿನ್ನ ತಪ್ಪೇನಿಲ್ಲ ಸುಧಾ, ಹೋಗಮ್ಮ, ಬಸ್ಸು ತಪ್ಪೋಯ್ತದೆ" ಎಂದರು. ನಾನು ಏನೂ ಕೇಳಿರಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ಸಿಟ್ಟು ಬಂತು. ಮ್ಯಾನೇಜರ ಮೇಲೆ ಬರಬೇಕಾದ ಸಿಟ್ಟು. ಅವರ ಮೇಲೆ ತೋರಿಸಲು ಧೈರ್ಯವಿರಲಿಲ್ಲ. ಆ ಮೇಲ್ ಕಳಿಸಿದವರ ಮೇಲೆ ತಿರುಗಿತು.

ಪ್ರತಿ ಮೇಲ್ ಎಲ್ಲಿಂದ ಹೊರಟಿತು ಎಂಬುದಕ್ಕೆ ಒಂದು ಸಂಖ್ಯೆ ಇರುತ್ತದೆ, ಮನೆಗೆ ಡೋರ್ ನಂಬರ್ ಇದ್ದ ಹಾಗೆ. ಇಂಟರ್‌ನೆಟ್ ಕೊಡುವ ಕಂಪನಿಗಳ ಬಳಿ ಇಂಥ ಸಂಖ್ಯೆಗಳು ಸಾಲುಸಾಲಾಗಿ ಇರುತ್ತವೆ. ನಾನು ಒಂದು ವಾರ ಕೂತು ನೋಡಿದೆ. ನಮಗೆ ಬರುತ್ತಿದ್ದ ಕಸದ ಬಹುಪಾಲು ಒಂದೇ ಕಂಪನಿಯ ಸಂಖ್ಯೆಗಳಿಂದ ಬರುತ್ತಿತ್ತು. ಅದು ಅಗ್ಗದ ದರಕ್ಕೆ ಊರೂರಿನ ಕೇಬಲ್‌ನವರ ಮೂಲಕ ಇಂಟರ್‌ನೆಟ್ ಮಾರುತ್ತಿದ್ದ ಕಂಪನಿ. ಇಂಥ ಕಂಪನಿಗಳು ದೂರು ಕೊಡಲೆಂದೇ ಒಂದು ವಿಳಾಸ ಇಟ್ಟಿರುತ್ತವೆ. ಅದಕ್ಕೆ ಸಾಕ್ಷಿ ಸಮೇತ ಬರೆದೆ. 'ನಿಮ್ಮ ದೂರು ದಾಖಲಾಗಿದೆ' ಎಂದು ಯಂತ್ರದ ಉತ್ತರ ಬಂತು. ಮತ್ತೆ ಬರೆದೆ. ಮತ್ತೆ ಅದೇ. ಫೋನ್ ಮಾಡಿದರೆ ಸಂಗೀತ ಕೇಳಿಸುತ್ತಿತ್ತು. ದುಡ್ಡು ಕೊಡುವ ಗಿರಾಕಿ ಯಾರಾದರೇನು, ಏನು ಕಳಿಸಿದರೇನು ಎನ್ನುವಂಥವರು ಅವರು. ಒಂದು ಸಂಖ್ಯೆ ತಡೆದರೆ ಕಸ ಪಕ್ಕದ ಸಂಖ್ಯೆಯಿಂದ ಬರುತ್ತಿತ್ತು.

ಈ ನಡುವೆ ಒಂದು ಮಂಗಳವಾರ ಕಾರ್ಖಾನೆಯಲ್ಲಿ ಆರೋಗ್ಯ ತಪಾಸಣೆ ನಡೆಯಿತು. ದೊಡ್ಡ ಗಿರಾಕಿ ಕಂಪನಿಯವರು ವರ್ಷಕ್ಕೊಮ್ಮೆ ಬಂದು ಕಾರ್ಖಾನೆ ಪರಿಶೀಲಿಸುವಾಗ ಕೆಲಸಗಾರರ ಆರೋಗ್ಯದ ಕಾಗದ ಕೇಳುತ್ತಾರೆ. ಅದಕ್ಕಾಗಿ ಈ ಏರ್ಪಾಡು. ನರಸೀಪುರದಿಂದ ಎಕ್ಸ್‌ರೇ ಮಿಷನ್ ಇಟ್ಟ ಒಂದು ವ್ಯಾನು ಬಂತು. ಕೆಲಸಗಾರರು ಮಳೆಯಲ್ಲಿ ಸಾಲಾಗಿ ನಿಂತು ಎದೆಯ ಫೋಟೋ ತೆಗೆಸಿಕೊಂಡರು. ಅದು ರುಕ್ಸಾನಾ ಅವರ ಲ್ಯಾಬಿನ ವ್ಯಾನೆಂದು ನನಗೆ ಗೊತ್ತಿರಲಿಲ್ಲ. ನಾನು ಕೋಣೆಯಿಂದ ಹೊರಗೇ ಬರಲಿಲ್ಲ, ಕಸ ಆರಿಸುತ್ತಿದ್ದೆ.

ಶುಕ್ರವಾರ ಆ ಕಂಪನಿಯ ಸಂಖ್ಯೆಗಳನ್ನು ಇಡಿಯಾಗಿ ತಡೆಪಟ್ಟಿಗೆ ಹಾಕಿದೆ. ಒಂದೂ ಬಿಡದೆ. ಬೀದಿಯಲ್ಲಿ ಕಳ್ಳರಿದ್ದಾರೆಂದು ಬೀದಿಗೇ ಬೇಲಿ ಹಾಕಿದ ಕೆಲಸ ಅದು. ಆ ಬೀದಿಯಲ್ಲಿ ಸಾಚಾ ಜನರೂ ಇರುತ್ತಾರೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಹಾಗೆ ತಡೆದಾಗ, 'ನಿಮ್ಮ ಮೇಲ್ ತಲುಪಲಿಲ್ಲ' ಎಂದು ಕಳಿಸಿದವರಿಗೆ ತಿರುಗಿ ಹೇಳುವಂತೆ ಮಾಡಬಹುದು. ಮಾಡಬೇಕು. ಹಾಗೆ ಹೇಳಿದರೆ ನಮ್ಮ ವಿಳಾಸ ಜೀವಂತ ಇದೆಯೆಂದು ಕಸದವರಿಗೆ ತಿಳಿಯುತ್ತದೆ ಎಂದು ಎಲ್ಲೋ ಓದಿದ್ದೆ. ಸದ್ದಿಲ್ಲದೆ ನುಂಗಿಹಾಕು ಎಂದು ಬರೆದೆ. ಒಂದೇ ಸಾಲು. ಏನೇನು ನುಂಗಿತು ಎಂಬ ಪಟ್ಟಿಯನ್ನು ಸರ್ವರ್ ಬರೆದಿಡುತ್ತಿತ್ತು, ವಾರಕ್ಕೊಮ್ಮೆ ನೋಡಬೇಕೆಂದುಕೊಂಡೆ. ಎರಡು ವಾರ ಮೇಲೆಮೇಲೆ ಕಣ್ಣಾಡಿಸಿದೆ, ಸಾವಿರಾರು ಸಾಲು, ಎಲ್ಲ ಕಸದಂತೆಯೇ ಕಂಡಿತು. ಆಮೇಲೆ ಅದನ್ನೂ ಬಿಟ್ಟೆ.

ಸೋಮವಾರ ಬಂದು ನೋಡಿದರೆ ಮೇಲ್ ಪೆಟ್ಟಿಗೆ ಖಾಲಿ. ಆರ್ಡರುಗಳು, ನಾಲ್ಕೈದು ಚಿಲ್ಲರೆ ಮೇಲ್‌ಗಳು, ಅಷ್ಟೇ. ಮ್ಯಾನೇಜರ್ ಎಲ್ಲರಿಗೂ ಮೈಸೂರ್ ಪಾಕ್ ತರಿಸಿದರು. "ಸುಧಾ ಒಂದು ಹೆಣ್ಮಗಳು, ಎಂಥಾ ಕೆಲಸ ಮಾಡಿದ್ದಾಳೆ ನೋಡ್ರಪ್ಪ" ಎಂದು ಮೀಟಿಂಗಿನಲ್ಲಿ ಹೇಳಿದರು. ನಾನು ಬೀಗಿದೆ. ಅದನ್ನು ಮುಚ್ಚಿಡುವುದಿಲ್ಲ.

ಶ್ರಾವಣದಲ್ಲಿ ಕಬಿನಿ ತುಂಬಿ ಬಂದಳು. ಜಲಾಶಯದಿಂದ ನೀರು ಬಿಟ್ಟು, ನಂಜನಗೂಡಿನ ಸ್ನಾನಘಟ್ಟ ಮುಳುಗಿ, ಮಂಟಪದ ಕಂಬಗಳು ಅರ್ಧ ಕಾಣುತ್ತಿದ್ದವು. ಕೆಂಪು ನೀರು ಹೊಲಗಳ ತನಕ ಬಂದಿತ್ತು. ಎಷ್ಟೋ ದಿನ ಬಸ್ಸು ಸುತ್ತು ಹಾಕಿಕೊಂಡು ಬರುತ್ತಿತ್ತು. ಬಟ್ಟೆ ಒಣಗುತ್ತಿರಲಿಲ್ಲ, ಕಾರ್ಖಾನೆಯಲ್ಲಿ ರಟ್ಟು ಒಣಗುತ್ತಿರಲಿಲ್ಲ. ಎಲ್ಲರಿಗೂ ಕೆಮ್ಮು, ನೆಗಡಿ. ಹಾಗಾಗಿ ಸಿದ್ದರಾಜುವಿನ ಕೆಮ್ಮು ಬೇರೆಯೆಂದು ಯಾರಿಗೂ ಕೇಳಿಸಲಿಲ್ಲ.

ಒಂದು ಸಂಜೆ ತಾಂಡ್ಯದ ಬಸ್ ನಿಲ್ದಾಣದ ಪಕ್ಕದ ಟೀ ಅಂಗಡಿಯಲ್ಲಿ ಮಳೆಗೆ ನಿಂತಿದ್ದೆ. ಸಿದ್ದರಾಜು ಸೈಕಲ್ ತಳ್ಳಿಕೊಂಡು ಬಂದು ಅಲ್ಲೇ ನಿಂತ. ಟೀ ಕುಡಿಯುವಾಗ ಕೆಮ್ಮು ಬಂದು ಲೋಟ ಕೆಳಗಿಟ್ಟು, ಕಂಬ ಹಿಡಿದುಕೊಂಡು ಕೆಮ್ಮಿದ. ಅಂಗಿ ಹೆಗಲಿನಿಂದ ಜೋಲುತ್ತಿದ್ದುದನ್ನು ಆಗ ಗಮನಿಸಿದೆ.

"ಡಾಕ್ಟರಿಗೆ ತೋರಿಸಿದ್ರಾ ಸಿದ್ದರಾಜು?"

"ನಮ್ ಜಯಮ್ಮನೂ ಅದ್ನೇ ಅಂತಾವ್ಳೆ ಮೇಡಂ. ದಿನಾ ಜಗಳ. ಮೈ ಇಳ್ದೋಗದೆ, ಆಸ್ಪತ್ರೆಗೋಗು ಅಂತ." ಅವನು ಬಾಯಿ ಒರೆಸಿಕೊಂಡ. "ಅಲ್ಲ, ಅವತ್ತು ಎದೆ ಪೋಟ ತೆಗುದ್ರಲ್ಲ, ಏನಾರ ಇದ್ದಿದ್ರೆ ಏಳೋರು ತಾನೆ? ಎಲ್ಡು ತಿಂಗಳಾಯ್ತು. ರಿಪೋರ್ಟು ಬಂದಿಲ್ಲ ಅಂದ್ರೆ ಎಲ್ಲಾ ಸಂದಾಗದೆ ಅಂತ ತಾನೆ?"

ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. "ಹೌದು, ಇದ್ದಿದ್ರೆ ಹೇಳ್ತಿದ್ರು" ಎಂದೆ. "ಇದು ರಟ್ಟಿನ ಧೂಳು, ಮಳೆ ಬೇರೆ. ಬಿಸಿನೀರು ಕುಡೀರಿ."

"ಅದೇ ಕಣ್ರೀ ನಾನೂ ಅಂದ್ಕಂಡಿದ್ದು" ಎಂದ. ಅವನ ಮುಖ ಸಡಿಲವಾಯಿತು. ಬಸ್ಸು ಬಂತು, ಹತ್ತಿದೆ.

ದಸರಾ ಕಳೆಯಿತು. ಹಬ್ಬಕ್ಕೆ ಡಬ್ಬದ ಆರ್ಡರು ಹೆಚ್ಚಾಗಿ ಎಲ್ಲರಿಗೂ ಹೆಚ್ಚುವರಿ ಕೆಲಸ. ಸಿದ್ದರಾಜು ಕೋಣೆಗೆ ಇಣುಕುವುದು ಕಡಿಮೆಯಾಯಿತು. ಕಾರ್ತಿಕದಲ್ಲಿ ಪರಿಶೀಲನೆಯವರು ಬರುತ್ತಾರೆಂದು ಕಾಗದಗಳನ್ನು ಜೋಡಿಸುವಾಗ ಮ್ಯಾನೇಜರಿಗೆ ಆರೋಗ್ಯದ ರಿಪೋರ್ಟುಗಳ ನೆನಪಾಯಿತು. ಅವರು ಲ್ಯಾಬಿಗೆ ಫೋನ್ ಮಾಡಿದಾಗ ನಾನು ಅವರ ಪ್ರಿಂಟರ್ ಸರಿಮಾಡುತ್ತ ಅಲ್ಲೇ ಇದ್ದೆ. ಫೋನ್ ಸ್ಪೀಕರಿನಲ್ಲಿತ್ತು.

"ಏನಮ್ಮ, ಐದು ತಿಂಗಳಾಯ್ತು, ರಿಪೋರ್ಟ್ ಕಳಿಸಿಲ್ವಲ್ಲ?"

"ಕಳ್ಸಿದ್ದೀನಲ್ಲ ಸರ್!" ಆ ಕಡೆ ಹೆಣ್ಣುಧ್ವನಿ ಗಾಬರಿಯಾಯಿತು. "ಕ್ಯಾಂಪ್ ಆದ ವಾರದಲ್ಲೇ ಕಳ್ಸಿದ್ದೀನಿ. ಒಬ್ಬರದ್ದು ಅರ್ಜೆಂಟ್ ಅಂತ ಬೇರೆ ಮೇಲ್ ಹಾಕಿದ್ದೆ. ತಲುಪಿದ್ಯಾ ಅಂತ ಮತ್ತೊಂದು ಹಾಕಿದ್ದೆ. ಫೋನೂ ಮಾಡಿದ್ದೆ ಸರ್, ಯಾರೋ ಮೇಲ್ ಮಾಡಿ ಅಂದ್ರು. ಆ ಪೇಷಂಟಿಗೆ ಟ್ರೀಟ್‌ಮೆಂಟ್ ಶುರುವಾಯ್ತಲ್ವಾ?"

"ಯಾವ ಪೇಷಂಟು?"

"ಸಿದ್ದರಾಜು ಅಂತ. ಎಡಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಮಚ್ಚೆ ಇತ್ತು. ಟಿ.ಬಿ. ಇರಬಹುದು, ತಕ್ಷಣ ಕಫ ಪರೀಕ್ಷೆ ಮಾಡಿಸಿ ಅಂತ ಡಾಕ್ಟರ್ ಬರೆದಿದ್ರು."

ನಾನು ಕೋಣೆಗೆ ಬಂದು ತಡೆಪಟ್ಟಿಯ ದಾಖಲೆ ತೆರೆದು ಆ ಲ್ಯಾಬಿನ ಹೆಸರು ಹುಡುಕಿದೆ. ಮೂರು ಸಾಲು ಸಿಕ್ಕವು. ಒಂದು, ನಾನು ಬೇಲಿ ಹಾಕಿದ ಮಾರನೆಯ ದಿನದ್ದು. ಇನ್ನೊಂದು ನಾನು ಮೈಸೂರ್ ಪಾಕ್ ತಿಂದ ಸೋಮವಾರದ್ದು, ವಿಷಯ: ಅರ್ಜೆಂಟ್, ಸಿದ್ದರಾಜು ಎಕ್ಸ್‌ರೇ. ಮೂರನೆಯದು ಅದಾಗಿ ವಾರಕ್ಕೆ, ವಿಷಯ: ತಲುಪಿದ ಬಗ್ಗೆ ದಯವಿಟ್ಟು ತಿಳಿಸಿ. ಮೂರರ ಮುಂದೆಯೂ 'ತಡೆದು ಅಳಿಸಲಾಗಿದೆ' ಎಂದಿತ್ತು. ಲ್ಯಾಬಿಗೆ ಇಂಟರ್‌ನೆಟ್ ಕೊಟ್ಟಿದ್ದ ಕೇಬಲ್‌ನವನು ಅದೇ ಅಗ್ಗದ ಕಂಪನಿಯದ್ದನ್ನು ಕೊಟ್ಟಿದ್ದ. ಸಂಪರ್ಕದ ಜೊತೆ ಬಿಟ್ಟಿಯಾಗಿ ಸಿಕ್ಕಿದ್ದ ಮೇಲ್ ವಿಳಾಸವನ್ನೇ ಅವರು ಬಳಸುತ್ತಿದ್ದರು.

ಮ್ಯಾನೇಜರಿಗೆ ಹೋಗಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಬಾಗಿಲು ಮುಚ್ಚಿಸಿದರು. "ನೋಡಮ್ಮ, ಇದು ನಿನಗೆ, ನನಗೆ ಬಿಟ್ರೆ ಯಾರಿಗೂ ಗೊತ್ತಾಗೋದು ಬೇಡ. ಲ್ಯಾಬ್‌ನೋರು ತಡ ಮಾಡಿದ್ರು ಅಂತ ಬರೆದುಬಿಡೋಣ. ಮೊದಲು ಅವನನ್ನ ಆಸ್ಪತ್ರೆಗೆ ಸೇರಿಸು."

ಸಿದ್ದರಾಜು ಐದು ದಿನದಿಂದ ಕೆಲಸಕ್ಕೆ ಬಂದಿರಲಿಲ್ಲ. ಬೇರೆ ವಿಳಾಸಕ್ಕೆ ಹೊಸದಾಗಿ ತರಿಸಿಕೊಂಡ ರಿಪೋರ್ಟನ್ನು ಪ್ರಿಂಟ್ ಮಾಡಿ ಚಿಕ್ಕಯ್ಯನಛತ್ರದ ಕಡೆಗೆ ಆಟೋ ಮಾಡಿಕೊಂಡು ಹೋದೆ. ಅವನ ಮನೆಯ ಮುಂದೆ ಹುರುಳಿ ಒಣಹಾಕಿದ್ದರು. ಒಳಗೆ ಬುದ್ಧನ ಪಟದ ಕೆಳಗೆ ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದ, ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ. ನನ್ನನ್ನು ನೋಡಿ ಏಳಲು ಹೋದ.

"ಅಯ್, ನೀವ್ಯಾಕ್ ಬರಾಕೋದ್ರಿ ಮೇಡಂ ಈ ಕೆಸರ್ನಲ್ಲಿ? ನಾಳೀಕ್ ಬತ್ತಿದ್ದೆ ಕೆಲ್ಸಕ್ಕೆ."

"ರಿಪೋರ್ಟ್ ಬಂದಿದೆ ಸಿದ್ದರಾಜು. ಆಸ್ಪತ್ರೆಗೆ ಹೋಗೋಣ."

"ಬಂತಾ?" ಎಂದ. ಅಷ್ಟೇ ಕೇಳಿದ. ಈಗ ಯಾಕೆ ಬಂತು, ಇಷ್ಟು ದಿನ ಎಲ್ಲಿತ್ತು ಎಂದು ಕೇಳಲಿಲ್ಲ. ಅವನ ಹೆಂಡತಿ ಜಯಮ್ಮ ಬಾಗಿಲಲ್ಲಿ ನಿಂತು ನನ್ನ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದಳು.

ನಂಜನಗೂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರು. ಟಿ.ಬಿ.ಯೇ. ಎರಡೂ ಶ್ವಾಸಕೋಶಕ್ಕೆ ಹಬ್ಬಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಮನೆಯವರನ್ನೂ ಪರೀಕ್ಷೆ ಮಾಡಿದಾಗ ಹತ್ತನೇ ಕ್ಲಾಸು ಓದುತ್ತಿದ್ದ ಮಗಳು ಪವಿತ್ರಳಿಗೂ ಅಂಟಿರುವುದು ತಿಳಿಯಿತು. ಅವಳದ್ದು ಆರಂಭ ಮಾತ್ರ. ಇಬ್ಬರಿಗೂ ಮಾತ್ರೆ ಶುರುವಾಯಿತು. ಆ ಮಾತ್ರೆಗಳನ್ನು ಸರ್ಕಾರ ಪುಕ್ಕಟೆ ಕೊಡುತ್ತದೆ. ಜೂನ್ ತಿಂಗಳಲ್ಲೂ ಪುಕ್ಕಟೆಯೇ ಇತ್ತು. ಡಾಕ್ಟರು ಎಕ್ಸ್‌ರೇ ಎರಡನ್ನೂ ಬೆಳಕಿಗೆ ಹಿಡಿದು, ಲ್ಯಾಬಿನಿಂದ ತರಿಸಿದ್ದ ಹಳೆಯದನ್ನು ತೋರಿಸಿ, "ಇದರಲ್ಲೇ ಬಂದಿದ್ರೆ ಆರು ತಿಂಗಳ ಮಾತ್ರೆ, ಮುಗೀತಿತ್ತು" ಎಂದರು. ಯಾರನ್ನೂ ಬೈಯಲೆಂದು ಹೇಳಿದ ಮಾತಲ್ಲ.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಸಿದ್ದರಾಜು ತೀರಿಕೊಂಡ. ಬೆಳಿಗ್ಗೆ ಮುಖ ತೊಳೆಯುವಾಗ ರಕ್ತ ಕೆಮ್ಮಿಕೊಂಡನಂತೆ, ಆಸ್ಪತ್ರೆಯ ದಾರಿಯಲ್ಲೇ ಮುಗಿಯಿತಂತೆ. ಕಾರ್ಖಾನೆಯಲ್ಲಿ ಎರಡು ನಿಮಿಷ ಮಿಷನ್ನು ನಿಲ್ಲಿಸಿದರು.

ಮಣ್ಣಿಗೆ ಹೋಗಿ ಬಂದ ದಿನ ಗೇಟಿನಲ್ಲಿ ಶಿವಬಸಪ್ಪನವರು ನನ್ನನ್ನು ನಿಲ್ಲಿಸಿದರು. "ಆ ಲ್ಯಾಬಿನ ಹೆಂಗಸು ಫೋನ್ ಮಾಡಿದಾಗ ಎತ್ತಿದ್ದು ನಾನೇ ಕಣಮ್ಮ. ಏನೋ ರಿಪೋರ್ಟು ಅಂದ್ಲು. ನಂಗೆ ಏನೂ ಹೇಳೋ ಅಧಿಕಾರ ಇರ್ಲಿಲ್ಲವಲ್ಲ. ಮೇಲ್ ಮಾಡಿ ತಾಯಿ ಅಂದುಬಿಟ್ಟೆ. ಹೆಸರನ್ನಾದ್ರೂ ಕೇಳಬೇಕಿತ್ತು." ಅವರಿಗೆ ನನ್ನ ಪಾಲನ್ನು ಹೇಳಿದೆ. ಒಂದು ಲಾರಿ ಬಂದು ಹಾರನ್ ಹೊಡೆಯಿತು, ಅವರು ನಂಬರ್ ಬರೆದುಕೊಳ್ಳಲು ಎದ್ದರು.

ಅಷ್ಟರಲ್ಲಿ ಲ್ಯಾಬಿನ ಹೆಸರು ಕೆಟ್ಟಿತ್ತು. ರಿಪೋರ್ಟು ತಡಮಾಡಿ ಒಬ್ಬನ ಜೀವ ತೆಗೆದರು ಎಂಬ ಮಾತು ತಾಂಡ್ಯದಿಂದ ನರಸೀಪುರದವರೆಗೂ ಹಬ್ಬಿ, ಬೇರೆ ಕಾರ್ಖಾನೆಯವರೂ ಅವರನ್ನು ಕರೆಯುವುದು ಬಿಟ್ಟಿದ್ದರು. ನಾನು ದಿನವೂ ಅದರ ಮುಂದೆಯೇ ನಡೆದು ಬಸ್ಸಿಗೆ ಹೋಗುತ್ತಿದ್ದೆ. ಎರಡು ತಿಂಗಳು ತಲೆ ತಗ್ಗಿಸಿಕೊಂಡು ಹೋದೆ. ಸಿದ್ದರಾಜು ಸತ್ತ ಮೇಲೆ ಒಂದು ಬೆಳಿಗ್ಗೆ ಒಳಗೆ ಹೋಗಿ, ದಾಖಲೆಯ ಮೂರು ಸಾಲುಗಳ ಪ್ರಿಂಟನ್ನು ಮೇಜಿನ ಮೇಲಿಟ್ಟು, ನಾನು ಯಾರು, ಏನು ಮಾಡಿದೆ ಎಂದು ಹೇಳಿದೆ.

ರುಕ್ಸಾನಾ ಬೈಯುತ್ತಾರೆಂದುಕೊಂಡಿದ್ದೆ. ಅವರು ಕಾಗದ ನೋಡಿದರು, ನನ್ನ ಮುಖ ನೋಡಿದರು. "ನೀವಾ?" ಎಂದರು. "ದಿನಾ ನೋಡ್ತೀನಲ್ಲ ನಿಮ್ಮನ್ನ, ಬಸ್ಸಿಗೆ ಓಡೋದು. ಅದೇ ಫ್ಯಾಕ್ಟರಿಯೋರು ಅಂತ ಗೊತ್ತಿದ್ದಿದ್ರೆ ಕೈಗೇ ಕೊಟ್ಟುಬಿಡ್ತಿದ್ದೆನಲ್ಲ ಮೇಡಂ." ಆಮೇಲೆ ಕಣ್ಣು ಒರೆಸಿಕೊಂಡು, "ನಾನೇ ಒಂದಿನ ಬಸ್ ಹತ್ತಿ ಬರಬೇಕಿತ್ತು. ಮೂರು ಸಲ ಕಳ್ಸಿದ್ದೀನಿ, ಇನ್ನೇನು ಅಂತ ಸುಮ್ಮನಾದೆ" ಎಂದರು.

ಅಂದೇ ಕಾರ್ಖಾನೆಯ ಮಾಲೀಕರಿಗೆ ಎಲ್ಲವನ್ನೂ ಬರೆದು, ಸಹಿ ಮಾಡಿ, ಒಂದು ಪ್ರತಿಯನ್ನು ರುಕ್ಸಾನಾ ಅವರಿಗೆ ಕೊಟ್ಟೆ. ಮ್ಯಾನೇಜರ್ ನನ್ನ ಜೊತೆ ಮಾತು ಬಿಟ್ಟರು. ತಡೆಪಟ್ಟಿಯ ಆ ಒಂದು ಸಾಲನ್ನು ಬದಲಿಸಿದೆ. ಇನ್ನು ಮುಂದೆ ತಡೆದ ಪ್ರತಿ ಮೇಲ್‌ಗೂ ಕಳಿಸಿದವರಿಗೆ ತಿಳಿಯುವಂತೆ, ಫೋನ್ ನಂಬರ್ ಸಮೇತ. ಕಸ ಕಳಿಸುವವರು ಆಮೇಲೂ ಕಳಿಸುತ್ತಲೇ ಇದ್ದರು. ಈಗಿನ ಕೆಲಸದಲ್ಲೂ ನಾನು ಮಾಡುವುದು ಅದೇ. ತಡೆಯದೆ ಇರಲು ಆಗುವುದಿಲ್ಲ. ದಿನಾ ಬೆಳಿಗ್ಗೆ ಮೊದಲ ಒಂದು ಗಂಟೆ ತಡೆದವುಗಳ ಪಟ್ಟಿಯನ್ನು ಸಾಲುಸಾಲಾಗಿ ಓದುತ್ತೇನೆ. ಜೊತೆಯವರಿಗೆ ಅದು ಹುಚ್ಚು ಎನಿಸುತ್ತದೆ.

ಜಯಮ್ಮನಿಗೆ ಹೇಳುವುದು ಉಳಿದಿತ್ತು. ತಿಥಿ ಕಳೆದ ಮೇಲೆ ಹೋದೆ. ಮೇಲ್, ಕಂಪನಿ, ತಡೆಪಟ್ಟಿ ಎಂದು ಏನೇನೋ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ನಂಗೆ ಆ ಮೇಲು ಗೀಲು ಗೊತ್ತಾಗಕ್ಕಿಲ್ಲ ಮೇಡಂ" ಎಂದಳು. "ಒಂದ್ ಮಾತು ಏಳಿ. ಟೀ ಅಂಗ್ಡೀಲಿ ಅವ್ರು ನಿಮ್ಮನ್ನ ಕೇಳುದ್ರಂತೆ, ಎಲ್ಲಾ ಸಂದಾಗದಾ ಅಂತ. ನೀವು ಔದು ಅಂದ್ರಂತೆ. ನಿಜ್ವಾ?"

"ನಿಜ."

"ಅವತ್ತು ಮನೇಗ್ ಬಂದು, ಕಂಪ್ಯೂಟರ್ ಮೇಡಮ್ಮೇ ಏಳವ್ರೆ, ಇನ್ ಆಸ್ಪತ್ರೆ ಗೀಸ್ಪತ್ರೆ ಅಂತ ಬಾಯಿ ತೆಗ್ದೀಯ ಅಂದ್ರು. ನಾನೂ ಸುಮ್ಕಾದೆ. ಓದ್ದೋರು ಏಳವ್ರೆ ಅಂತ."

ಇಷ್ಟು ಹೇಳಿ ಹುಲ್ಲು ಹಾಕಲು ಹಿತ್ತಲಿಗೆ ಹೋದಳು. ನಾನು ಜಗಲಿಯಲ್ಲಿ ಕುಳಿತೇ ಇದ್ದೆ. ತಿರುಗಿ ಬಂದಾಗ, ಪವಿತ್ರಳನ್ನು ಆಸ್ಪತ್ರೆಯ ಪರೀಕ್ಷೆಗೆ ಕರೆದುಕೊಂಡು ಹೋಗುವ ದಿನಗಳಲ್ಲಿ ನಾನು ಬರುತ್ತೇನೆ, ನಿಮ್ಮ ಕೂಲಿ ತಪ್ಪುವುದು ಬೇಡ ಎಂದೆ. ಆಸ್ಪತ್ರೆಯ ತಾರೀಕು ಬರೆದ ಚೀಟಿ ತಂದು ನನ್ನ ಮುಂದಿಟ್ಟಳು.

ಯುಗಾದಿಗೆ ಕಾರ್ಖಾನೆ ಬಿಟ್ಟೆ. ಜಯಮ್ಮನನ್ನು ಪ್ಯಾಕಿಂಗ್ ಕೆಲಸಕ್ಕೆ ಕರೆದರಂತೆ, ಆಕೆ ಹೋಗಲಿಲ್ಲ. ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಆಸ್ಪತ್ರೆಯ ದಿನ ರಜೆ ಹಾಕಿ ಬರುತ್ತಿದ್ದೆ. ಪವಿತ್ರ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಹೊರಗೆ ನೋಡುತ್ತಿದ್ದಳು. ಹತ್ತನೇ ಕ್ಲಾಸಿನ ಪರೀಕ್ಷೆಯನ್ನು ಮಾತ್ರೆ ನುಂಗುತ್ತಲೇ ಬರೆದಳು, ಪಾಸಾದಳು. ಒಮ್ಮೆ ಮಾತ್ರ, "ಅಪ್ಪನ ಮೊದಲನೇ ಎಕ್ಸ್‌ರೇಲಿ ಇದ್ದಷ್ಟೇ ನಂಗೂ ಇತ್ತಾ ಮಿಸ್?" ಎಂದು ಕೇಳಿದ್ದಳು. ಸುಮಾರು ಅಷ್ಟೇ ಎಂದಿದ್ದೆ. ಅವಳು ಮತ್ತೆ ಕಿಟಕಿಗೆ ತಿರುಗಿದಳು.

ಮತ್ತೆ ಮುಂಗಾರು ಹಿಡಿದ ವಾರ ಆಸ್ಪತ್ರೆಯ ಕೊನೆಯ ಪರೀಕ್ಷೆಯ ಫಲಿತಾಂಶ ಬಂತು. ಎದೆ ಶುದ್ಧವಾಗಿತ್ತು, ಮಾತ್ರೆ ನಿಲ್ಲಿಸಬಹುದು ಎಂದು ಡಾಕ್ಟರ್ ಬರೆದುಕೊಟ್ಟರು. ಆ ಕಾಗದವನ್ನು ಮಳೆಗೆ ನೆನೆಯದ ಹಾಗೆ ಬ್ಯಾಗಿನೊಳಗೆ ಇಟ್ಟುಕೊಂಡು ಹಳ್ಳಿಗೆ ಹೋದೆ. ಜಯಮ್ಮ ರಾಗಿ ಬೀಸಿಕೊಂಡು ಆಗಷ್ಟೇ ಬಂದಿದ್ದಳು, ಕೈಗೆಲ್ಲ ಹಿಟ್ಟು. ಸೆರಗಿನಲ್ಲಿ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡು ಮಗಳಿಗೆ ಕೊಟ್ಟಳು. ಪವಿತ್ರ ಗಟ್ಟಿಯಾಗಿ ಓದಿದಳು, ಒಂದು ಪದವನ್ನೂ ಬಿಡದೆ. ಜಯಮ್ಮ ಅದನ್ನು ಇನ್ನೊಮ್ಮೆ ಓದಿಸಿ ಕೇಳಿದಳು. ಆಮೇಲೆ ಒಳಗಿನಿಂದ ಒಂದು ಚೊಂಬು ನೀರು ತಂದು ನನ್ನ ಕೈಗೆ ಕೊಟ್ಟಳು. ಕುಡಿದೆ.

"ಪವಿತ್ರಂಗೆ ನೀವು ಮಾಡಿದ್ದು ಚಿಕ್ಕದಲ್ಲ ಮೇಡಂ, ನಂಗೊತ್ತು" ಎಂದಳು. ಚೊಂಬನ್ನು ತೆಗೆದುಕೊಂಡಳು. "ಆದ್ರೆ ಇನ್ ಬರ್ಬೇಡಿ. ನೀವು ಆ ತಿರುವ್ನಲ್ಲಿ ಕಾಣುಸ್ಕಂಡೇಟ್ಗೆ ಅವ್ರು ಸತ್ ಸುದ್ದಿ ಬಂದಂಗಾಯ್ತದೆ ನಂಗೆ, ಪ್ರತಿ ಸಲ."

ಆಗಲಿ ಎಂದೆ. ಪವಿತ್ರ ತಿರುವಿನ ತನಕ ಕೊಡೆ ಹಿಡಿದುಕೊಂಡು ಬಂದಳು. ಅಲ್ಲಿ ನಿಂತು, ಕೊಡೆಯನ್ನು ನನಗೆ ಕೊಡಲು ಬಂದಳು. ಬೇಡ ಎಂದೆ, ಅದನ್ನು ವಾಪಸು ಕೊಡಲು ಮತ್ತೆ ಬರಬೇಕಾಗುತ್ತಿತ್ತು.